ನಾಗಾವಿ ಅರವತ್ತು ಕಂಬದ ಗುಡಿ: ಅಷ್ಟು ಕಂಬ ಯಾಕ ಬೇಕಾದ್ವು?

ನಾಗಾವಿ ಅಂದ್ರ ನಮ್ ಕಡಿ ಹೆಣ್ಮಕ್ಕಳಿಗಿ ಮೊದಲು ನೆನಪಾಗೋದು ಯಲ್ಲಮ್ಮ. ಹರಕಿ ಹೊತ್ತೋರು, ಹರಕಿ ತೀರಿಸೋರು, ಹೊಸ ಸೊಸಿ ಬಂದಾಳ ಅಂತ ಉಡಿ ತುಂಬ್ಲಕ ಕರಕೊಂಡು ಹೋಗೋರು, ಎಲ್ಲಾರೂ ಹೋಗ್ತೀವಿ. ನಮ್ ಕುಂಚಾವರಂದಿಂದ ಸೇಡಂ ಹಾದು ಚಿತ್ತಾಪುರಕ್ಕ ಹೋಗಿ, ಅಲ್ಲಿಂದ ಎರಡು-ಮೂರು ಕಿಲೋಮೀಟರ್ ಹೋದ್ರ ನಾಗಾವಿ. ದೇವಿಗಿ ಕಾಯಿ ಒಡಸ್ತೀವಿ, ಬುತ್ತಿ ಬಿಚ್ಚಿ ಉಣ್ತೀವಿ, ಹೊತ್ತು ಮುಳುಗೋದ್ರಾಗ ಮನಿಗಿ ಬರಬೇಕು ಅಂತ ಗಾಡಿ ಹತ್ತತೀವಿ. ಅಲ್ಲೇ ಇರೋ ಅರವತ್ತು ಕಂಬದ ಗುಡಿ ಕಡಿ ಹೊಳ್ಳಿ ನೋಡೋರು ಕಡಿಮಿ. "ಅದೇನದ ಅಲ್ಲಿ, ಬರೇ ಹಳೀ ಕಲ್ಲು" ಅಂತಾರ.

ಆ ಹಳೀ ಕಲ್ಲಿನ ಬಗ್ಗೆ ಇವತ್ತು ಜರಾ ಬರೀತೀನಿ. ನಾ ಪಿಯುಸಿ ತನಕ ಓದಿದಾಕಿ, ಇತಿಹಾಸದ ಪಂಡಿತಳಲ್ಲ. ಖರೇ, ಗುಡಿ ಕಟ್ಟೋಣ ತಿಳೀಲಕ ಪಂಡಿತರೇ ಆಗಬೇಕು ಅಂತೇನಿಲ್ಲ. ಮಾಳಗಿ ಮನ್ಯಾಗ ಹುಟ್ಟಿ ಬೆಳದೋರಿಗಿ, ಶಾಬಾದ ಪರಸಿ ಮ್ಯಾಲ ಅಡಗಿ ಮಾಡೋರಿಗಿ ಅದರ ಅರ್ಧ ಪಾಠ ಮೊದಲೇ ಗೊತ್ತಿರ್ತದ.

ಮೊದಲು ಕಾಲ ಹೇಳ್ತೀನಿ. ನಾಗಾವಿ ಶಾಸನಗಳೊಳಗ ಹೆಸರಾದದ್ದು 1058ನೇ ಇಸವಿದು. ಆಗ ನಮ್ ಸೀಮಿ ಕಲ್ಯಾಣದ ಚಾಲುಕ್ಯರ ಕೈಯಾಗ ಇತ್ತು. ಅರಸ ಒಂದನೇ ಸೋಮೇಶ್ವರ, ಅವನಿಗಿ ತ್ರೈಲೋಕ್ಯಮಲ್ಲ ಅಂತ ಬಿರುದು. ರಾಜಧಾನಿ ನಮ್ ಮಳಖೇಡದಿಂದ ಕಲ್ಯಾಣಕ್ಕ, ಅಂದ್ರ ಈಗಿನ ಬಸವಕಲ್ಯಾಣಕ್ಕ, ಹೋದದ್ದು ಇವನ ಕಾಲದಾಗೇ. ಇವನ ದಂಡನಾಯಕ ಮಧುಸೂದನ ಅಂತ ಒಬ್ಬ ಇದ್ದ. ಅವ ನಾಗಾವಿದಾಗ ಘಟಿಕಾಶಾಲಿ ನಡಸ್ಲಕ ದತ್ತಿ ಬಿಟ್ಟ. ಘಟಿಕಾಶಾಲಿ ಅಂದ್ರ ಈಗಿನ ಮಾತಿನ್ಯಾಗ ದೊಡ್ಡ ವಸತಿ ಕಾಲೇಜು. ಗುಡಿ ಆಸರದಾಗ ಓದು, ಊಟ, ಇರೋದು, ಎಲ್ಲಾ.

ಅಲ್ಲಿ ವೇದ ಓದೋ ಹುಡುಗರೇ 200 ಮಂದಿ. ಶಾಸ್ತ್ರ ಓದೋರು ಸುಮಾರು 50 ಮಂದಿ ಬ್ಯಾರೆ. ವೇದ ಹೇಳ್ಲಕ 3 ಮಂದಿ, ಶಾಸ್ತ್ರ ಹೇಳ್ಲಕ 3 ಮಂದಿ ಗುರುಗಳು. ಇದರ ಮ್ಯಾಲ 6 ಮಂದಿ ಸರಸ್ವತೀ ಭಂಡಾರಿಗರು. ಈ ಭಂಡಾರಿಗರು ಅಂದ್ರ ಪುಸ್ತಕ ಕಾಯೋರು, ಲೈಬ್ರರಿಯನ್ನರು. ಇವರೆಲ್ಲಾರ ಹೊಟ್ಟಿಪಾಡಿಗಿ ಹೊಲ ಬಿಟ್ಟಿದ್ರು. ಆ ಹೊಲದ ಬೆಳಿಯಿಂದ ಶಾಲಿ ನಡೀಬೇಕು.

ಕಲಿಸೋರೂ 6 ಮಂದಿ, ಪುಸ್ತಕ ಕಾಯೋರೂ 6 ಮಂದಿ. ಕಾಯ್ಲಕ ಅಷ್ಟು ಮಂದಿ ಯಾಕ ಅಂತೀರೇನು? ಕಾಳು ಕಡಿ ಕಾಯ್ದು ಇಟ್ಟೋರಿಗಿ ಇದು ಬ್ಯಾರೆ ಹೇಳಬೇಕಾಗಿಲ್ಲ. ತೊಗರಿಗಿ ಬೇವಿನ ಸೊಪ್ಪು ಹಾಕಿ, ಬಿಸಲಿಗಿ ಹಾಕಿ, ಹುಳ ಬಿದ್ದಾವೇನು ಅಂತ ತಿಂಗಳಿಗೊಮ್ಮಿ ಕೈ ಆಡಿಸಿ ನೋಡ್ತೀವಿ. ಆಗಿನ ಪುಸ್ತಕ ಅಂದ್ರ ತಾಳಿ ಗರಿ. ಅದಕ್ಕೂ ಹುಳ ಹತ್ತತದ, ಥಂಡಿ ಬಡೀತದ, ಒಣಗಿದ್ರ ಮುರೀತದ. ಎಣ್ಣಿ ಸವರಬೇಕು, ಅರಿವಿ ಸುತ್ತಬೇಕು, ದಾರ ಕಟ್ಟಬೇಕು, ಹಳೇದಾದ್ರ ಹೊಸಾ ಗರಿ ಮ್ಯಾಲ ಮತ್ತ ಕೊರದು ಬರೀಬೇಕು. ಒಂದು ಊರಾಗ ಈ ಕೆಲಸಕ್ಕೇ 6 ಮಂದಿಗಿ ಹೊಲ ಕೊಟ್ಟಾರ ಅಂದ್ರ ಅಲ್ಲಿ ಪುಸ್ತಕ ಎಷ್ಟು ಇರಬೇಕು, ಲೆಕ್ಕ ಹಾಕ್ರಿ.

ಇನ್ನ ಕಂಬಕ್ಕ ಬರೋಣ. ಅರವತ್ತು ಕಂಬ ಯಾಕ? ರಾಜನ ದೌಲತ್ತು ತೋರಿಸ್ಲಕ ಅಂತ ಅನ್ನೋರು ಅದಾರ. ದೌಲತ್ತೂ ಇರಬಹುದು. ಅದಕಿಂತ ಮೊದಲ ಕಾರಣ ನಿಮ್ಮ ಅಡಗಿ ಮನ್ಯಾಗೇ ಅದ. ಅಡಗಿ ಕಟ್ಟಿಗಿ ಹಾಸಿದ ಪರಸಿ ಕೆಳಗ ಬಗ್ಗಿ ನೋಡ್ರಿ. ಎರಡು-ಮೂರು ಫೂಟಿಗಿ ಒಂದು ಕಲ್ಲು ನಿಲ್ಲಿಸಿ ಆಸರ ಕೊಟ್ಟಿರ್ತಾರ. ಆಸರ ದೂರ ಇದ್ದು, ಮ್ಯಾಲ ಕುಟ್ಟಾಣಿ ಇಟ್ಟು ಕುಟ್ಟಿದ್ರ ಪರಸಿ ನಡುಮಧ್ಯ ಸೀಳ್ತದ. ಕಲ್ಲಿನ ಗುಣ ಹಂಗೇ. ಮ್ಯಾಲಿಂದ ಎಷ್ಟು ಭಾರ ಹಾಕಿ ಒತ್ತಿದ್ರೂ ತಡೀತದ, ಆದ್ರ ಎಳದ್ರ ತಡಿಯಂಗಿಲ್ಲ. ಉದ್ದನ ಕಲ್ಲು ಎರಡು ಕಂಬದ ಮ್ಯಾಲ ಅಡ್ಡ ಇಟ್ಟಾಗ ಅದರ ಮ್ಯಾಲಿನ ಮಗ್ಗಲು ಒತ್ತತದ, ಕೆಳಗಿನ ಮಗ್ಗಲು ಎಳೀತದ. ಬಿರುಕು ಕೆಳಗಿಂದ ಸುರು ಆಗ್ತದ. ಅದಕ್ಕ ಕಲ್ಲಿನ ತೊಲಿ ಭಾಳ ಉದ್ದ ಹಾಕ್ಲಕ ಬರಂಗಿಲ್ಲ. ತೊಲಿ ಗಿಡ್ಡ ಆದ್ರ ಕಂಬ ಹತ್ತಿರ ಹತ್ತಿರ ಬರಬೇಕು. ಜಾಗ ದೊಡ್ಡದು ಬೇಕಂದ್ರ ಕಂಬ ಹೆಚ್ಚು ಬೇಕು. ನೂರಾರು ಮಂದಿ ನೆರಳಾಗ ಕೂಡ್ಲಕ ಕಲ್ಲಿನ ಮಾಳಗಿ ಬೇಕು ಅಂದ್ರ ಕಂಬ ಹಿಂಗ ಸಾಲು ಹಿಡಿದು ನಿಲ್ಲಲೇಬೇಕಾಗ್ತದ.

ನಮ್ಮ ಹಳೀ ಮಾಳಗಿ ಮನಿನೂ ಹಿಂಗೇ. ಕಂಬ, ಕಂಬದ ಮ್ಯಾಲ ಬೋದಿಗಿ, ಬೋದಿಗಿ ಮ್ಯಾಲ ತೊಲಿ, ತೊಲಿ ಮ್ಯಾಲ ಜಂತಿ, ಅದರ ಮ್ಯಾಲ ಮಣ್ಣು. ಗುಡ್ಯಾಗ ಕಟ್ಟಗಿ ಜಾಗದಾಗ ಕಲ್ಲು ಬಂದದ, ಅಷ್ಟೇ ಫರಕ್. ಬೋದಿಗಿ ಅನ್ನೋ ಹೆಸರೂ ಎರಡೂ ಕಡಿ ಒಂದೇ. ಬೋದಿಗಿ ಕೆಲಸ ಏನಂದ್ರ ಎರಡೂ ಮಗ್ಗಲಿಗಿ ಕೈ ಚಾಚಿ ತೊಲಿಗಿ ಆಸರ ಕೊಡೋದು. ಅದರಿಂದ ತೊಲಿ ಜೀವಕ್ಕ ಅರ್ಧ ಗೇಣು, ಒಂದು ಗೇಣು ಉದ್ದ ಕಡಿಮಿ ಆದಂಗ ಆಗ್ತದ.

ನಾಲ್ಕು ಕಂಬದ ನಡುವಿನ ಜಾಗಕ್ಕ ಅಂಕಣ ಅಂತೀವಿ, ಕೆಲವರು ಖಣ ಅಂತಾರ. ಹೆಣ್ಣು ಕೊಡೋ ಮುಂದ "ಅವರದು ಎಷ್ಟು ಅಂಕಣದ ಮನಿ?" ಅಂತ ನಮ್ಮವ್ವದೇರು ಕೇಳ್ತಿದ್ರು ನೋಡ್ರಿ, ಅದೇ ಅಂಕಣ. ಗುಡಿನೂ ಅಂಕಣದ ಲೆಕ್ಕದಾಗೇ ಅಳೀತಾರ. ಸಾಲಿಗಿ ನಾಲ್ಕರಂಗ ನಾಲ್ಕು ಸಾಲು ಕಂಬ ನಿಲ್ಲಿಸ್ರಿ, 16 ಕಂಬ ಆದ್ವು. ನಡುವ ಎಷ್ಟು ಅಂಕಣ ಬಂದ್ವು? ಒಂಬತ್ತು. ಇದಕ್ಕೇ ನವರಂಗ ಅಂತಾರ. ನವರಂಗ ಅಂದ್ರ ಏನೋ ದೊಡ್ಡ ಸಂಸ್ಕೃತ ಮಾತು ಅಂತ ನಾ ಭಾಳ ವರ್ಷ ತಿಳಕೊಂಡಿದ್ದೆ. ಒಂಬತ್ತು ಅಂಕಣದ ಪಡಸಾಲಿ, ಅಷ್ಟೇ.

ಒಂದೊಂದು ಅಂಕಣಕ್ಕ ಮ್ಯಾಲ ಮುಚ್ಚೋದು ಹ್ಯಾಂಗ? ಇದರಾಗ ಆಗಿನ ಕಲ್ಲುಕುಟಿಗರ ಬುದ್ಧಿ ಕಾಣ್ತದ. ಚೌಕ ರಂಗೋಲಿ ಹಾಕಿ, ಅದರೊಳಗ ಮೂಲಿ ತಿರುಗಿಸಿ ಇನ್ನೊಂದು ಸಣ್ಣ ಚೌಕ ಹಾಕ್ತೀವಲ್ಲ, ಅದರೊಳಗ ಮತ್ತೊಂದು, ಹಂಗೇ. ನಾಲ್ಕು ಮೂಲಿಗಿ ನಾಲ್ಕು ಮುಮ್ಮೂಲಿ ಕಲ್ಲು ಅಡ್ಡ ಇಡ್ತಾರ. ನಡುವಿನ ಖಾಲಿ ಜಾಗ ಸಣ್ಣದಾಗ್ತದ. ಅದರ ಮ್ಯಾಲ ಮತ್ತ ನಾಲ್ಕು ಕಲ್ಲು. ಜಾಗ ಇನ್ನೂ ಸಣ್ಣದು. ಕಡೀಗಿ ಒಂದೇ ಕಲ್ಲಿನ್ಯಾಗ ಮುಚ್ಚುವಷ್ಟು ಉಳೀತದ. ಆ ಕಲ್ಲಿಗಿ ತಾವರಿ ಹೂವು ಕೊರೀತಾರ. ಚಾಲುಕ್ಯರ ಗುಡಿಗಳಾಗ ಕತ್ತು ಎತ್ತಿ ನೋಡಿದ್ರ ಈ ರಂಗೋಲಿ ಕಾಣ್ತದ. ಇದಕ್ಕ ಭುವನೇಶ್ವರಿ ಅಂತ ಚಂದನ ಹೆಸರು. ಗಾರಿ ಇಲ್ಲ, ಸಿಮೆಂಟ್ ಇಲ್ಲ. ಕಲ್ಲಿನ ಮ್ಯಾಲ ಕಲ್ಲು ತನ್ನ ಭಾರದಿಂದ ತಾನೇ ಕೂತಿರ್ತದ.

ಇದೇ ಹೊತ್ತಿಗಿ ಲೋಕದ ಇನ್ನೊಂದು ಮೂಲ್ಯಾಗ ಏನು ನಡದಿತ್ತು ಅಂತ ತಿಳಕೊಂಡಾಗ ನನಗ ಭಾಳ ಖುಷಿ ಆತು. ನಮ್ಮ ಅಕ್ಕನ ಮಗ ಕಂಪನಿ ಕೆಲಸದ ಮ್ಯಾಲ ಫ್ರಾನ್ಸ್ ದೇಶಕ್ಕ ಹೋದವ ಒಂದು ಹಳ್ಳಿ ಚರ್ಚಿನ ಫೋಟೋ ಕಳಿಸಿದ್ದ. ಬರ್ಗಂಡಿ ಅನ್ನೋ ಸೀಮ್ಯಾಗ ಶಾಪೇಜ್ ಅಂತ ಸಣ್ಣ ಊರು. ಅಲ್ಲಿ ಚರ್ಚ್ ನಮ್ಮ ನಾಗಾವಿ ಶತಮಾನದ್ದೇ, ಅಂದ್ರ 11ನೇ ಶತಮಾನದ್ದು. ಒಳಗ ದಪ್ಪ ದಪ್ಪ ದುಂಡನ ಕಂಬ. ಆ ಕಾಲದಾಗ ಫ್ರಾನ್ಸಿನ ಊರೂರಾಗ ಹಳೀ ಕಟ್ಟಗಿ ಛಾವಣಿ ತಗದು ಕಲ್ಲಿನ ಛಾವಣಿ ಹಾಕ್ಲಕತ್ತಿದ್ರು, ಕಟ್ಟಗಿಗಿ ಬೆಂಕಿ ಹತ್ತತದ ಅಂತ. ನಮ್ಮೋರ ಚಿಂತಿ ಏನಿತ್ತೋ ಅವರದೂ ಅದೇ ಚಿಂತಿ, ಕಲ್ಲಿನ್ಯಾಗ ಮಾಳಗಿ ಮುಚ್ಚೋದು ಹ್ಯಾಂಗ?

ಖರೇ ಅವರು ಹಿಡದ ದಾರಿ ಬ್ಯಾರೆ. ಅವರು ಕಮಾನು ಹಿಡದ್ರು. ಕಮಾನಿನ್ಯಾಗ ಉದ್ದನ ಕಲ್ಲು ಬೇಕಿಲ್ಲ. ಸಣ್ಣ ಸಣ್ಣ ಕಲ್ಲು ಮ್ಯಾಲ ಅಗಲ, ಕೆಳಗ ಸಣ್ಣ ಮಾಡಿ ಕಡದು, ದುಂಡಗ ಜೋಡಿಸ್ತಾರ. ಒಂದಕ್ಕೊಂದು ಒತ್ತಿ ಹಿಡೀತಾವ. ಕಲ್ಲಿಗಿ ಒತ್ತೋದು ಅಂದ್ರ ಆಗಿ ಬರ್ತದ ಅಂತ ಹೇಳಿದೆನಲ್ಲ. ಆದ್ರ ಕಮಾನು ಎರಡೂ ಮಗ್ಗಲಿಗಿ ಕಾಲು ಚಾಚಿ ಗೋಡಿ ನೂಕ್ತದ. ಅದಕ್ಕ ಅವರ ಗೋಡಿ ಅಷ್ಟು ದಪ್ಪ, ಖಿಡಕಿ ಅಷ್ಟು ಸಣ್ಣವು, ಒಳಗ ಕತ್ತಲಿ. ನಮ್ಮ ಗುಡ್ಯಾಗ ಭಾರ ನೆಟ್ಟಗ ಕೆಳಗ ಇಳೀತದ, ಮಗ್ಗಲಿಗಿ ನೂಕಂಗಿಲ್ಲ. ಹಿಂಗಾಗಿ ಸುತ್ತ ಗೋಡಿ ಇಲ್ಲದಿದ್ರೂ ಕಂಬದ ಮಂಟಪ ನಿಲ್ತದ, ಗಾಳಿ ಬೆಳಕು ಆಡ್ತದ. ನಮ್ಮ ಬಿಸಲಿಗಿ ಇದೇ ಬೇಸ್. ಅಲ್ಲಿ ಥಂಡಿಗಿ ಅದು ಬೇಸ್.

ನಮ್ ಜಿಲ್ಲಾಕ್ಕ ದೊಡ್ಡ ಕಮಾನು ಬಂದದ್ದು ಆಮ್ಯಾಲ. ಕಲಬುರಗಿ ಕ್ವಾಟಿ ಒಳಗಿನ ಜಾಮಾ ಮಸೀದಿ ನೋಡಿದೋರಿಗಿ ಗೊತ್ತದ. 1367ರಾಗ, ಬಹಮನಿ ಸುಲ್ತಾನರ ಕಾಲದಾಗ ಕಟ್ಟಿದ್ದು. ಕಟ್ಟಿದವ ರಫಿ, ಇರಾನಿನ ಕಜ್ವೀನ್ ಅನ್ನೋ ಊರಿನ ಮನೆತನದವ. ಉದ್ದ 216 ಫೂಟು, ಅಗಲ 176 ಫೂಟು. ಬ್ಯಾರೆ ಮಸೀದಿಗಿ ಇರೋಹಂಗ ನಡುವ ಬಯಲು ಅಂಗಳ ಇಲ್ಲ, ಇಡೀ ಮಸೀದಿಗೇ ಮಾಳಗಿ. ಮ್ಯಾಲ ಸಾಲು ಸಾಲು ಸಣ್ಣ ಗುಮ್ಮಟ, ನಾಲ್ಕು ಮೂಲಿಗಿ ನಾಲ್ಕು, ಪಡವಲ ಕಡಿ ಒಂದು ಎಲ್ಲಕಿಂತ ದೊಡ್ಡದು. ಮಗ್ಗಲ ಪಡಸಾಲ್ಯಾಗ ಕಮಾನು ಎಷ್ಟು ಅಗಲ ಅವ ಅಂದ್ರ, ಎರಡು ಕಂಬದ ನಡುವ ಒಂದು ಮನಿ ಪಡಸಾಲಿ ಹಿಡಿಸಬಹುದು. ನಾಗಾವಿದಾಗ ಹತ್ತಿರ ಹತ್ತಿರ ಕಂಬ ಯಾಕ ಅನ್ನೋದು ಈ ಮಸೀದಿ ನೋಡಿ ಬಂದ್ರ ಛಂದ ತಿಳೀತದ. ಎರಡೂ ನಮ್ಮವೇ. ಒಂದೇ ಜಿಲ್ಲಾದಾಗ, ಒಂದು ತೊಲಿ ವಿದ್ಯಾ, ಒಂದು ಕಮಾನಿನ ವಿದ್ಯಾ.

ಇನ್ನೊಂದು ಮಾತು ಮನಸ್ಸಿನ್ಯಾಗ ಕುಂತದ, ಹೇಳೇ ಬಿಡ್ತೀನಿ. 200 ಮಂದಿ ಹುಡುಗರು ಓದಿದ ಜಾಗದಾಗ ನಮ್ಮಂಥ ಹೆಣ್ಮಕ್ಕಳಿಗಿ ಜಾಗ ಇದ್ದಿಲ್ಲ. ವೇದದ ಶಾಲಿ ಅದು. ಹೆಣ್ಣಿಗಿ ಇಲ್ಲ, ದುಡಿಯೋ ಜಾತಿಯೋರಿಗೂ ಇಲ್ಲ. ಆ ಕಂಬ ಕಡದೋರ ಮಕ್ಕಳಿಗೇ ಆ ಕಂಬದ ಕೆಳಗ ಕುಂತು ಓದ್ಲಕ ಬರ್ತಿದ್ದಿಲ್ಲ. ನಮ್ಮ ಊರಾಗ ಅಂಥಾ ದೊಡ್ಡ ವಿಶ್ವವಿದ್ಯಾಲಯ ಇತ್ತು ಅಂತ ಹೆಮ್ಮಿ ಪಡೋ ಮುಂದ ಇದೂ ನೆನಪಿರಬೇಕು. ಪಿಯುಸಿ ಮುಗೀತಿದ್ದಂಗ ಮದಿವಿ ಆದ ನನಗ ಇದು ಜರಾ ಹೆಚ್ಚೇ ನೆನಪಾಗ್ತದ.

ಹಂಗಂತ ಆ ಕಾಲದಾಗ ಹೆಣ್ಮಕ್ಕಳು ಏನೂ ಮಾಡಿಲ್ಲ ಅಂತಲ್ಲ. ಇದೇ ಸೋಮೇಶ್ವರನ ಸೋದರತ್ತಿ ಅಕ್ಕಾದೇವಿ ಅಂತ ಇದ್ದಳು. ಕಿಸುಕಾಡು ಸೀಮಿ ಆಳಿದಾಕಿ, ಗೋಕಾಕ ಕ್ವಾಟಿಗಿ ಮುತ್ತಿಗಿ ಹಾಕಿದಾಕಿ. ಗದಗ ಕಡಿ ಸೂಡಿ ಊರಾಗ ಆಕಿ ಹೆಸರಿನ ಅಕ್ಕೇಶ್ವರ ಗುಡಿ ಇತ್ತು. ಅದಕ್ಕೂ ಮೊದಲು ಅತ್ತಿಮಬ್ಬಿ. 1007ರಾಗ ಲಕ್ಕುಂಡಿದಾಗ ಬ್ರಹ್ಮಜಿನಾಲಯ ಕಟ್ಟಿಸಿದಳು. ಪೊನ್ನ ಕವಿಯ ಶಾಂತಿಪುರಾಣ ಹಾಳಾಗಿ ಹೋಗಬಾರದು ಅಂತ 1000 ಪ್ರತಿ ಬರಸಿ ಹಂಚಿದಳು. ಆ ಪೊನ್ನ ನಮ್ಮ ಮಳಖೇಡದ ರಾಷ್ಟ್ರಕೂಟ ಅರಸ ಮೂರನೇ ಕೃಷ್ಣನ ಆಸ್ಥಾನದವ. ನಮ್ಮ ಸೇಡಂ ತಾಲೂಕಿನ ಕವಿ ಪುಸ್ತಕ ಲಕ್ಕುಂಡಿ ಹೆಣ್ಮಗಳು ಉಳಿಸಿದಳು. ಓದೋ ಶಾಲಿ ಒಳಗ ಬಿಡದಿದ್ರೂ, ಕಟ್ಟಿಸೋ ಕೆಲಸ, ಉಳಿಸೋ ಕೆಲಸ ಹೆಣ್ಮಕ್ಕಳು ಬಿಟ್ಟಿಲ್ಲ.

ನಾಗಾವಿ ಶಾಲಿ ಕಡೀಗಿ ನಿಂತು ಹೋತು. ದತ್ತಿ ಹೊಲದ ಮ್ಯಾಲ ನಡಿಯೋ ಸಂಸ್ಥಾ, ಹೊಲ ಕಾಯೋ ರಾಜ್ಯ ಹೋದ ಮ್ಯಾಲ ಭಾಳ ದಿನ ಬಾಳಂಗಿಲ್ಲ. ಊಟ ಇಲ್ಲದಲ್ಲಿ ವಿದ್ಯಾರ್ಥಿ ಇರಂಗಿಲ್ಲ, ವಿದ್ಯಾರ್ಥಿ ಇಲ್ಲದಲ್ಲಿ ಗುರು ಇರಂಗಿಲ್ಲ. ಭಂಡಾರಿಗರು ಕಾದ ಗರಿಗಳಾಗ ಒಂದೂ ನಮ್ಮ ಕೈಗಿ ಬಂದಿಲ್ಲ. ಕಲ್ಲಿನ ಮ್ಯಾಲ ಕೊರದದ್ದು ಮಾತ್ರ ಉಳೀತು. ನಿಜಾಮರ ಸರಕಾರ 1914ರಾಗ ಪುರಾತತ್ವ ಇಲಾಖಾ ತಗೀತು, ಗುಲಾಮ್ ಯಜ್ದಾನಿ ಅನ್ನೋರು ಅದಕ್ಕ ದೊಡ್ಡೋರಾಗಿದ್ರು. ಆ ಇಲಾಖಾದಿಂದ 1928ರಾಗ ನಾಗಾವಿ ಶಾಸನಗಳದ್ದೇ ಒಂದು ಪುಸ್ತಕ ಅಚ್ಚಾತು. ಆಗ ಲೋಕಕ್ಕ ಗೊತ್ತಾತು, ಈ ಊರಾಗ ಇಷ್ಟು ದೊಡ್ಡ ಶಾಲಿ ಇತ್ತು ಅಂತ.

ಊರೊಳಗ ಪೂಜಾ ನಿಂತ ಗುಡಿಗಿ ಏನಾಗ್ತದ ಅಂತ ನಮಗೆಲ್ಲಾ ಗೊತ್ತಿದ್ದದ್ದೇ. ಮೊದಲು ಮಾಳಗಿ ಸಂದ್ಯಾಗ ಅರಳಿ ಗಿಡ ಹುಟ್ಟತದ. ಗಾರಿ ಇಲ್ಲದ ಕಟ್ಟೋಣ ಅಂದೆನಲ್ಲ, ಬೇರು ಸಂದ್ಯಾಗ ಇಳದು ಕಲ್ಲು ಸರಸ್ತದ. ಒಂದು ತೊಲಿ ಬಿದ್ರ ಅದರ ಮ್ಯಾಲಿನ ಅಂಕಣ ಬೀಳ್ತದ. ಬಿದ್ದ ಕಲ್ಲು ಯಾರದೋ ಮನಿ ಮೆಟ್ಟಲಿಗಿ, ದನದ ಕ್ವಾಟಿಗಿಗಿ, ಅರಿವಿ ಒಗಿಯೋ ಬಂಡಿಗಿ ಹೋಗ್ತದ. ಕೆಟ್ಟ ಮನಸ್ಸಿಲೆ ಒಯ್ಯೋರು ಕಡಿಮಿ. ಬಿದ್ದದ್ದು ಅದ, ಕೆಲಸಕ್ಕ ಬರ್ತದ, ಒಯ್ತಾರ. ಮಳಖೇಡ ರಾಜಧಾನಿ ಅಷ್ಟು ದೊಡ್ಡದಿತ್ತು, ಈಗ ಅಲ್ಲಿ ರಾಷ್ಟ್ರಕೂಟರ ಕಾಲದ್ದು ಅಂತ ಬೆರಳು ಮಾಡಿ ತೋರಿಸ್ಲಕ ಇರೋದು ಥೋಡೆ. ಊರೊಳಗಿನ ನೇಮಿನಾಥ ಬಸದಿ ಉಳದದ, ಯಾಕಂದ್ರ ಅಲ್ಲಿ ದೀಪ ಹಚ್ಚೋದು ನಿಂತಿಲ್ಲ.

ನಾಗಾವಿದಾಗ ದೀಪ ಹಚ್ಚೋದು ಯಲ್ಲಮ್ಮಗ. ಘಟಿಕಾಶಾಲಿ ಹೋತು, ಅರಸರು ಹೋದ್ರು, ದೇವಿ ಹೋಗಿಲ್ಲ. ಜಾತ್ರಿಗಿ ಮಂದಿ ಬರ್ತಾರ ಅಂತ ರಸ್ತಾ ಆತು, ಮಂದಿ ಓಡಾಡ್ತಾರ ಅಂತ ಆ ಊರಿನ ಹೆಸರು ನಮ್ಮ ಬಾಯಾಗ ಉಳೀತು. ಆ ದೇವಿ ಮುಂದ ಯಾವ ಜಾತಿ, ಎಷ್ಟು ಓದಿದಾಕಿ ಅಂತ ಯಾರೂ ಕೇಳಂಗಿಲ್ಲ. ಯಾವ ಹೆಣ್ಮಕ್ಕಳಿಗಿ ಶಾಲಿ ಒಳಗ ಜಾಗ ಇದ್ದಿಲ್ಲೋ, ಅವರ ಹರಕಿ, ಅವರ ಉಡಿ ಅಕ್ಕಿ ಆ ಊರಿಗಿ ಮಂದಿ ಬರೋಹಂಗ ಇಟ್ಟಾವ. ಇದು ನಾ ಓದಿದ ಮಾತಲ್ಲ, ನನಗ ಅನಿಸಿದ್ದು.

ಅದಕ್ಕ ನಿಮ್ಮಲ್ಲಿ ಒಂದು ಕೇಳ್ಕೊತೀನಿ, ವೈನಿದೇರೇ, ತಂಗೇರೇ. ಮುಂದಿನ ಸಲ ಯಲ್ಲಮ್ಮಗ ಹೋದಾಗ ಬುತ್ತಿ ಉಂಡ ಮ್ಯಾಲ ಅರ್ಧ ತಾಸು ಇಟ್ಕೊಳ್ರಿ. ಪಾರಗೋಳಿಗಿ ಕರಕೊಂಡು ಅರವತ್ತು ಕಂಬದ ಕಡಿ ಹೋಗ್ರಿ. ಕಂಬ ಎಣಸ್ಲಕ ಹಚ್ರಿ, ಒಂದು ಕಂಬದಿಂದ ಇನ್ನೊಂದಕ್ಕ ಎಷ್ಟು ಹೆಜ್ಜಿ ಅಂತ ಅಳೀಲಕ ಹಚ್ರಿ. ಬೋದಿಗಿ ತೋರಿಸಿ, "ಅಜ್ಜಿ ಮನ್ಯಾಗೂ ಇದೇ ಇತ್ತು" ಅಂತ ಹೇಳ್ರಿ. ಈಗಿನ ಪಾರಗೋಳು ಆರ್‌ಸಿಸಿ ಮನ್ಯಾಗ ಹುಟ್ಟಿದೋರು, ಕಂಬ-ತೊಲಿ ಅವಕ್ಕ ಗೊತ್ತಿಲ್ಲ.

ಅಲ್ಲಿ ಹೋದಾಗ ಕೆಲವು ಮಾತು ನೆನಪಿಡ್ರಿ. ಅಕ್ಷರ ಕೊರದ ಕಲ್ಲಿನ ಮ್ಯಾಲ ಕಾಯಿ ಒಡೀಬ್ಯಾಡ್ರಿ. ಅರಿಷಿಣ ಕುಂಕುಮ ಹಚ್ಚಬೇಕು ಅನಿಸಿದ್ರ ಅಕ್ಷರ ಬಿಟ್ಟು, ಕೆಳಗ ಒಂದು ಬೊಟ್ಟು ಇಡ್ರಿ. ಎಣ್ಣಿ ಹುಯ್ದ್ರ ಅದಕ್ಕ ಧೂಳು ಹತ್ತಿ ಸಂದು ತುಂಬ್ತದ, ಆಮ್ಯಾಲ ಓದೋರಿಗಿ ಅಕ್ಷರ ಸಿಗಂಗಿಲ್ಲ. ಊರ ಗುಡಿ ಚಂದ ಕಾಣಲಿ ಅಂತ ಹಳೀ ಕಲ್ಲಿಗಿ ಆಯಿಲ್ ಪೇಂಟ್ ಬಳಿಯೋ ರೂಢಿ ನಮ್ ಕಡಿ ಭಾಳ ಅದ. ಮನ್ಯಾಗಿನ ಗಂಡಸರು ಗುಡಿ ಕಮಿಟಿಯಾಗ ಇದ್ರ ಹೇಳ್ರಿ, ಬಣ್ಣದ ರೊಕ್ಕದಾಗ ಮಾಳಗಿ ಮ್ಯಾಲಿನ ಅರಳಿ ಸಸಿ ಕೀಳಸ್ರಿ ಅಂತ. ಸಸಿ ಬೆರಳಷ್ಟು ಇದ್ದಾಗ ಕಿತ್ರ ಒಂದು ನಿಮಿಷದ ಕೆಲಸ. ಮರ ಆದ ಮ್ಯಾಲ ಕಿತ್ರ ಕಲ್ಲೂ ಸಂಗಡೇ ಬರ್ತದ.

ನಿಮ್ಮ ನಿಮ್ಮ ಊರಾಗೂ ಇಂಥಾ ಹಳೀ ಗುಡಿ, ಮಸೀದಿ, ದರ್ಗಾ, ಬಸದಿ ಇರ್ತಾವ. ಎಷ್ಟು ಕಂಬ, ಎಷ್ಟು ಅಂಕಣ, ಬೋದಿಗಿ ಹ್ಯಾಂಗದ, ಕಮಾನು ಅದನೋ ತೊಲಿ ಅದನೋ, ಇಷ್ಟು ನೋಡಿ ನನಗ ತಿಳಸ್ರಿ. ಚಿಂಚೋಳಿ ಕಡಿಯೋರು, ಕಾಳಗಿ ಕಡಿಯೋರು ಮೊದಲು ಹೇಳ್ರಿ. ಎಲ್ಲಾ ಕೂಡಿಸಿ ಇನ್ನೊಮ್ಮಿ ಬರೀತೀನಿ.